ಸಿಯೋಲ್‌ನಲ್ಲಿ ಟಿಎಕ್ಸ್‌ಟಿ ಮ್ಯೂಸಿಕ್ ಶೋ ರೆಕಾರ್ಡಿಂಗ್ ನೋಡೋದು ಹೇಗೆ? ಭಾರತದಿಂದ ಹೋಗೋರಿಗೆ ಏನೇನು ಬೇಕು?

ಹಳದಿ_ಹೂವು ಕೇಳಿದ್ದು:

ಕೊರಿಯಾದ ಪಾಪ್ ಗ್ರೂಪ್ ಟಿಎಕ್ಸ್‌ಟಿಯ ಮುಂದಿನ ಕಮ್‌ಬ್ಯಾಕ್ (ಹೊಸ ಆಲ್ಬಮ್ ಬಿಟ್ಟು ಪ್ರಚಾರ ಮಾಡೋ ಸಮಯ) ಹೊತ್ತಿಗೆ ಬೆಂಗಳೂರಿಂದ ಇಬ್ಬರು ಸಿಯೋಲ್‌ಗೆ ಹೋಗೋ ಯೋಚನೆ ಇದೆ. ಮ್ಯೂಸಿಕ್ ಬ್ಯಾಂಕ್, ಇಂಕಿಗಾಯೊ, ಎಂ ಕೌಂಟ್‌ಡೌನ್ ಅನ್ನೋ ಟಿವಿ ಮ್ಯೂಸಿಕ್ ಶೋಗಳಲ್ಲಿ ಒಂದರ ರೆಕಾರ್ಡಿಂಗ್‌ಗಾದರೂ ಒಳಗೆ ಹೋಗಬೇಕು. ಇದಕ್ಕೆ ಟಿಕೆಟ್ ಮಾರಾಟ ಇಲ್ಲ, ಅರ್ಜಿ ಹಾಕಿ ಆಯ್ಕೆಯಾಗಬೇಕು ಅನ್ನೋವರೆಗೆ ಗೊತ್ತು. ಆಮೇಲಿನದು ಸ್ಪಷ್ಟ ಇಲ್ಲ. ಅರ್ಜಿ ಯಾವಾಗ ಬರುತ್ತೆ? ಕೊರಿಯಾ ಫೋನ್ ನಂಬರ್ ಇಲ್ಲದೆ ಹಾಕಬಹುದಾ? ಆಲ್ಬಮ್ ಇಲ್ಲಿಂದಲೇ ಒಯ್ಯಬೇಕಾ, ಅಲ್ಲಿ ಕೊಂಡರೆ ಸಾಕಾ? ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ ಸೇರಿಸ್ತಾರಂತೆ, ಆ ಹೊತ್ತಿಗೆ ಅಲ್ಲಿಗೆ ತಲುಪೋದು ಹೇಗೆ? ನಾವಿಬ್ಬರೂ ಸಸ್ಯಾಹಾರಿಗಳು, ಅದನ್ನೂ ಸೇರಿಸಿ ಯಾರಾದರೂ ವಿವರವಾಗಿ ಹೇಳಿದರೆ ಉಪಕಾರ.

ಶುಕ್ರವಾರದ_ಬ್ಯಾಂಕ್ ಉತ್ತರ:

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಸಂಜೆ ಲೈವ್ ಅಂತ ಟಿವಿಯಲ್ಲಿ ಬರೋ ಸ್ಟೇಜ್‌ಗಳಲ್ಲಿ ದೊಡ್ಡ ಗ್ರೂಪ್‌ಗಳದ್ದು ಹೆಚ್ಚಿನವು ಮುಂಚೆಯೇ ತೆಗೆದಿಟ್ಟವು. ಸಾಮಾನ್ಯವಾಗಿ ಅದೇ ದಿನ ನಸುಕಿನಲ್ಲಿ ಅಥವಾ ಬೆಳಿಗ್ಗೆ, ಕೆಲವು ಸಲ ಹಿಂದಿನ ದಿನವೇ. ಇದಕ್ಕೆ ಕೊರಿಯನ್ ಫ್ಯಾನ್‌ಗಳು ಹೇಳೋದು ‘ಸನೋಕ್’. ಸಂಜೆಯ ನೇರ ಪ್ರಸಾರ ‘ಬೊನ್‌ಬಾಂಗ್’. ನಿಮಗೆ ಬೇಕಿರೋದು ಸನೋಕ್. ಬೊನ್‌ಬಾಂಗ್‌ಗೆ ಹೋದರೆ ನಿಮ್ಮ ಗ್ರೂಪಿನ ಸರದಿ ಬಂದಾಗ ಹಾಲ್‌ನ ಪರದೆ ಮೇಲೆ ಬೆಳಿಗ್ಗೆ ತೆಗೆದ ವಿಡಿಯೊ ಓಡುತ್ತೆ, ಅವರು ಕಣ್ಣಿಗೆ ಬೀಳೋದು ಕೊನೆಯಲ್ಲಿ ಮೊದಲ ಸ್ಥಾನ ಘೋಷಿಸುವಾಗ ಮಾತ್ರ. ಗೆದ್ದರೆ ಎನ್ಕೋರ್ ಅಂತ ಹಾಡನ್ನ ಮತ್ತೊಮ್ಮೆ ಹಾಡ್ತಾರೆ, ಅದು ನಿಜವಾದ ಲೈವ್. ಅದಕ್ಕೋಸ್ಕರವೇ ಹೋಗೋರೂ ಇದ್ದಾರೆ, ತಪ್ಪಿಲ್ಲ.

ನಸುಕಿನಲ್ಲಿ ಯಾಕೆ ಅಂದರೆ, ಸೆಟ್. ಒಂದೇ ಹಾಲ್‌ನಲ್ಲಿ ಒಂದು ಗ್ರೂಪಿನ ಸೆಟ್ ಕಟ್ಟಿ, ಎರಡು ಮೂರು ಟೇಕ್ ತೆಗೆದು, ಅದನ್ನ ಬಿಚ್ಚಿ ಇನ್ನೊಂದು ಗ್ರೂಪಿಗೆ ಕಟ್ಟಬೇಕು. ಮಧ್ಯಾಹ್ನ ಲೈವ್‌ನ ರಿಹರ್ಸಲ್ ಶುರುವಾಗೋ ಮೊದಲು ಇದೆಲ್ಲ ಮುಗಿಯಬೇಕು. ಹಾಗಾಗಿ ಯಾರ ಸೆಟ್ ದೊಡ್ಡದೋ ಅವರಿಗೆ ಅಪರಾತ್ರಿ ಸ್ಲಾಟ್ ಬೀಳೋದು ಮಾಮೂಲು. ಸ್ಲಾಟ್ ಕೊನೇ ಗಳಿಗೆಯಲ್ಲಿ ಹಿಂದೆಮುಂದೆ ಆಗೋದಕ್ಕೂ ಇದೇ ಕಾರಣ.

ವಾರದ ಲೆಕ್ಕ: ಗುರುವಾರ ಎಂ ಕೌಂಟ್‌ಡೌನ್, ಶುಕ್ರವಾರ ಮ್ಯೂಸಿಕ್ ಬ್ಯಾಂಕ್, ಶನಿವಾರ ಶೋ! ಮ್ಯೂಸಿಕ್ ಕೋರ್, ಭಾನುವಾರ ಇಂಕಿಗಾಯೊ. ಎಲ್ಲ ಗ್ರೂಪೂ ಎಲ್ಲಕ್ಕೂ ಹೋಗಲ್ಲ. ಸೋಮವಾರ ಸಂಜೆ ಆರಕ್ಕೆ ಆಲ್ಬಮ್ ಬಂದರೆ ಗುರುವಾರದಿಂದ ಭಾನುವಾರದವರೆಗೆ ಮೊದಲ ಸುತ್ತು, ಮುಂದಿನ ವಾರ ಇನ್ನೊಂದು ಸುತ್ತು ಅಂತ ಎಣಿಸಬಹುದು. ಅಮೆರಿಕದ ಚಾರ್ಟ್ ನೋಡಿಕೊಂಡು ಶುಕ್ರವಾರ ಮಧ್ಯಾಹ್ನ ಬಿಡೋ ಆಲ್ಬಮ್ ಆದರೆ ಮ್ಯೂಸಿಕ್ ಬ್ಯಾಂಕ್ ಅದೇ ದಿನ ಬರಬಹುದು, ಆಗ ನೀವು ಬುಧವಾರಕ್ಕೇ ಅಲ್ಲಿರಬೇಕು. ಮೊದಲ ವಾರಕ್ಕೆ ಅರ್ಜಿ ಜಾಸ್ತಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೊದಲ ವಾರದ ಗುರುವಾರದಿಂದ ಎರಡನೇ ವಾರದ ಭಾನುವಾರದವರೆಗೆ ಉಳಿಯಿರಿ. ಒಂದೇ ವಾರ ಅಂದರೆ ನಾನಾಗಿದ್ದರೆ ಎರಡನೇ ವಾರ ಆರಿಸುತ್ತಿದ್ದೆ. ಪೈಪೋಟಿ ಕಡಿಮೆ, ಆಲ್ಬಮ್ ಅಂಗಡಿಗೆ ಬಂದಿರುತ್ತೆ, ಫ್ಯಾನ್‌ಚಾಂಟ್ (ಹಾಡಿನ ನಡುವೆ ಫ್ಯಾನ್‌ಗಳು ಒಟ್ಟಿಗೆ ಕೂಗೋದು) ಬಾಯಿಗೆ ಕೂತಿರುತ್ತೆ. ಆದರೆ ಎರಡನೇ ವಾರ ಕೆಲವು ಶೋ ಬಿಟ್ಟುಬಿಡೋ ಸಾಧ್ಯತೆಯೂ ಇದೆ, ಕಂಪನಿ ಹಾಕೋ ವೇಳಾಪಟ್ಟಿ ನೋಡಿಯೇ ತೀರ್ಮಾನಿಸಿ.

ತಾರೀಖು ನೋಡುವಾಗ ಇದನ್ನೂ ನೋಡಿ. ಡಿಸೆಂಬರ್ ಕೊನೆಯಲ್ಲಿ ವರ್ಷಾಂತ್ಯದ ದೊಡ್ಡ ಕಾರ್ಯಕ್ರಮಗಳು ಬರೋದರಿಂದ ವಾರದ ಶೋಗಳು ಇರಲ್ಲ. ಸಿಯೊಲ್ಲಾಲ್, ಚುಸೊಕ್ ಹಬ್ಬದ ವಾರ, ಒಲಿಂಪಿಕ್ಸ್ ಇದ್ದಾಗಲೂ ರದ್ದಾಗಬಹುದು.

ಅರ್ಜಿ ಬಗ್ಗೆ: ಸನೋಕ್‌ಗೆ ಜನ ಸೇರಿಸೋದು ಚಾನೆಲ್ ಅಲ್ಲ, ಗ್ರೂಪಿನ ಕಂಪನಿ. ಟಿಎಕ್ಸ್‌ಟಿಗಾದರೆ ಫ್ಯಾನ್‌ಗಳಿಗೆ ಅಂತ ಇರೋ ವಿವರ್ಸ್ ಆ್ಯಪ್‌ನ ನೋಟಿಸ್ ವಿಭಾಗ ನೋಡಬೇಕು. ನೋಟಿಸ್ ಬರೋದು ರೆಕಾರ್ಡಿಂಗ್‌ಗೆ ಒಂದರಿಂದ ಮೂರು ದಿನ ಮುಂಚೆ. ಅರ್ಜಿ ತೆರೆದಿರೋದು ಕೆಲವೇ ಗಂಟೆ, ಕೆಲವು ಸಲ ಒಂದೇ ಗಂಟೆ. ಅಂದರೆ ವೀಸಾ, ವಿಮಾನ, ಹೋಟೆಲ್ ಎಲ್ಲ ಮುಗಿಸಿ ಅಲ್ಲಿ ಕೂತ ಮೇಲೆಯೇ ನಿಮಗೆ ಸಿಕ್ಕಿತೋ ಇಲ್ಲವೋ ಗೊತ್ತಾಗೋದು. ಸನೋಕ್ ಸಿಗದಿದ್ದರೂ ನಷ್ಟ ಅನ್ನಿಸದ ಪ್ರವಾಸವನ್ನೇ ಹಾಕಿಕೊಳ್ಳಿ. ಇನ್ನೂ ಇಲ್ಲೇ ಇದ್ದಾಗ ಅರ್ಜಿ ಹಾಕೋ ಪ್ರಸಂಗ ಬಂದರೆ ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದಿದೆ ಅನ್ನೋದು ನೆನಪಿರಲಿ, ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಸಂಜೆ ನಾಲ್ಕೂವರೆ.

ರಸೀದಿ_ರಂಗ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೀನಿ. ಆಯ್ಕೆಯಾದವರು ಬಾಗಿಲಲ್ಲಿ ವಾಪಸ್ ಹೋಗೋದು ಬಹುತೇಕ ಕಾಗದಪತ್ರದಿಂದಲೇ. ಸಾಮಾನ್ಯವಾಗಿ ಕೇಳೋದು ಐದು: ಗುರುತಿನ ಚೀಟಿ, ಫ್ಯಾನ್‌ಕ್ಲಬ್ ಮೆಂಬರ್‌ಶಿಪ್, ಈ ಸಲದ ಆಲ್ಬಮ್, ಹಾಡು ಕೊಂಡು ಡೌನ್‌ಲೋಡ್ ಮಾಡಿದ್ದಕ್ಕೆ ಪುರಾವೆ, ಅಧಿಕೃತ ಲೈಟ್‌ಸ್ಟಿಕ್ (ಫ್ಯಾನ್‌ಗಳು ಕೈಯಲ್ಲಿ ಹಿಡಿಯೋ ಗ್ರೂಪಿನ ದೀಪ). ಎಲ್ಲವೂ ಇದ್ದವರು ಸಾಲಿನಲ್ಲಿ ಮೊದಲು, ಒಂದು ಕಡಿಮೆ ಇದ್ದವರು ಅವರ ಹಿಂದೆ, ಹೀಗೆ ವಿಂಗಡಿಸೋದೂ ಉಂಟು.

ಗುರುತಿನ ಚೀಟಿ ಅಂದರೆ ನಮಗೆ ಅಸಲಿ ಪಾಸ್‌ಪೋರ್ಟ್. ಜೆರಾಕ್ಸ್, ಫೋನಿನಲ್ಲಿರೋ ಫೋಟೊ, ಆಧಾರ್, ಡ್ರೈವಿಂಗ್ ಲೈಸೆನ್ಸ್ ಯಾವುದೂ ನಡೆಯಲ್ಲ. ಹೋಟೆಲ್ ಲಾಕರ್‌ನಲ್ಲಿಟ್ಟು ಹೋಗಬೇಡಿ.

ಮೆಂಬರ್‌ಶಿಪ್: ಟಿಎಕ್ಸ್‌ಟಿಯದು ಮೋವಾ ಮೆಂಬರ್‌ಶಿಪ್, ವಿವರ್ಸ್ ಶಾಪ್‌ನಲ್ಲಿ ಸಿಗುತ್ತೆ. ಗ್ಲೋಬಲ್ ಅನ್ನೋದನ್ನೇ ತಗೊಳ್ಳಿ. ಜಪಾನ್ ಮೆಂಬರ್‌ಶಿಪ್ ಜಪಾನಿನ ಕಾರ್ಯಕ್ರಮಗಳಿಗೆ. ಕಮ್‌ಬ್ಯಾಕ್ ಘೋಷಣೆ ಆದ ಮೇಲೆ ನೋಡೋಣ ಅಂತ ಕಾಯಬೇಡಿ. ಇಂತಿಷ್ಟು ತಾರೀಖಿನೊಳಗೆ ಸೇರಿದವರಿಗೆ ಮಾತ್ರ ಅಂತ ನೋಟಿಸ್‌ನಲ್ಲಿ ಗಡುವು ಹಾಕಿರ್ತಾರೆ. ಒಂದು ವರ್ಷದ ಅವಧಿ ರೆಕಾರ್ಡಿಂಗ್ ದಿನಕ್ಕೆ ಮುಗಿದಿರಬಾರದು ಅನ್ನೋದನ್ನೂ ನೋಡಿಕೊಳ್ಳಿ. ಬಾಗಿಲಲ್ಲಿ ಆ್ಯಪ್ ತೆರೆದು ಕಾರ್ಡ್ ತೋರಿಸಬೇಕು, ಸ್ಕ್ರೀನ್‌ಶಾಟ್ ಒಪ್ಪಲ್ಲ. ಅದಕ್ಕೆ ಅಲ್ಲಿ ನಿಮ್ಮ ಫೋನಿನಲ್ಲಿ ಡೇಟಾ ಇರಲೇಬೇಕು. ಇನ್ಚನ್ ವಿಮಾನ ನಿಲ್ದಾಣದಲ್ಲೇ ಸಿಮ್ ತಗೊಳ್ಳಿ, ಇಲ್ಲಾಂದರೆ ಇ-ಸಿಮ್.

ಆಲ್ಬಮ್ ವಿಷಯದಲ್ಲಿ ಎಡವೋರು ಜಾಸ್ತಿ. ಈ ಸಲದ ಕಮ್‌ಬ್ಯಾಕ್‌ನದೇ ಆಗಬೇಕು, ಕೊರಿಯಾ ಆವೃತ್ತಿಯೇ ಆಗಬೇಕು. ಸಿಡಿ ಇಲ್ಲದೆ ಕಾರ್ಡ್ ಮಾತ್ರ ಬರೋ ವಿವರ್ಸ್ ಆಲ್ಬಮ್ ಆವೃತ್ತಿಯನ್ನ ಕೆಲವು ನೋಟಿಸ್‌ಗಳು ಲೆಕ್ಕಕ್ಕೆ ತಗೊಳ್ಳಲ್ಲ. ಅಗ್ಗ, ಹಗುರ ಅಂತ ಅದನ್ನೊಂದೇ ಕೊಂಡುಕೊಂಡರೆ ಸಿಕ್ಕಿಹಾಕಿಕೊಳ್ತೀರಿ. ಭಾರತಕ್ಕೆ ತರಿಸೋ ಗೋಜು ಬೇಡ, ಬರೋಷ್ಟರಲ್ಲಿ ಪ್ರಚಾರವೇ ಮುಗಿದಿರುತ್ತೆ. ಗ್ವಾಂಗ್‌ಹ್ವಾಮುನ್‌ನ ಕ್ಯೋಬೊ ಪುಸ್ತಕದಂಗಡಿಯೊಳಗಿನ ಹಾಟ್‌ಟ್ರ್ಯಾಕ್ಸ್, ಕೋಎಕ್ಸ್‌ನ ಕೆಟೌನ್‌ಫಾರ್‌ಯು, ಮಿಯೊಂಗ್‌ಡಾಂಗ್ ಮತ್ತು ಹೊಂಗ್‌ಡೆ ಅಂಗಡಿಗಳಲ್ಲಿ ಸಿಗುತ್ತೆ. ಸನೋಕ್‌ಗೆ ಒಯ್ಯುವಾಗ ಡಬ್ಬ ಸಮೇತ ಬೇಕಾ, ಒಳಗಿನ ಸಿಡಿ ಸಾಕಾ ಅನ್ನೋದು ನೋಟಿಸ್‌ನಲ್ಲಿ ಇಲ್ಲದಿದ್ದರೆ ಇಡೀ ಆಲ್ಬಮ್ ಒಯ್ಯಿರಿ. ಪರಿಶೀಲನೆ ಆದ ಆಲ್ಬಮ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕೋದು ಅಥವಾ ಸ್ಟಾಂಪ್ ಒತ್ತೋದು ಉಂಟು, ಒಂದೇ ಆಲ್ಬಮ್ ಕೈಯಿಂದ ಕೈಗೆ ದಾಟದಿರಲಿ ಅಂತ. ಅಂದರೆ ನೀವಿಬ್ಬರಿಗೆ ಎರಡು ಬೇಕು. ಸಂಗ್ರಹಕ್ಕೆ ಚೊಕ್ಕವಾಗಿರೋದು ಬೇಕಿದ್ದರೆ ಮೂರನೆಯದು ಕೊಳ್ಳಿ.

ಹಾಡಿನ ಡೌನ್‌ಲೋಡ್ ನಮ್ಮಂಥವರಿಗೆ ಅತಿ ಕಷ್ಟದ ಭಾಗ. ಕೊರಿಯನ್ನರು ಮೆಲೊನ್, ಜೀನಿ, ಬಗ್ಸ್ ಅನ್ನೋ ಅಲ್ಲಿನ ಮ್ಯೂಸಿಕ್ ಆ್ಯಪ್‌ಗಳಲ್ಲಿ ಒಂದು ಹಾಡು ಸುಮಾರು 700 ವಾನ್ ಕೊಟ್ಟು ಕೊಂಡು ಖರೀದಿ ಪುಟ ತೋರಿಸ್ತಾರೆ. ಅವಕ್ಕೆ ಕೊರಿಯಾ ಫೋನ್ ನಂಬರಿನ ಗುರುತು ಪರಿಶೀಲನೆ, ಅಲ್ಲಿನ ಕಾರ್ಡ್ ಬೇಕಾಗೋದರಿಂದ ಪ್ರವಾಸಿಗರಿಗೆ ಸುಲಭವಲ್ಲ. ವಿದೇಶಿ ಫ್ಯಾನ್‌ಗಳಿಗೆ ಐಟ್ಯೂನ್ಸ್ ಖರೀದಿಯ ರಸೀದಿ ಒಪ್ಪಿಗೆ ಅಂತ ನೋಟಿಸ್‌ನಲ್ಲಿ ಬರೆದಿದ್ದರೆ ಅದೇ ನಿಮ್ಮ ದಾರಿ. ಕೊಳ್ಳಬೇಕು, ಆ್ಯಪಲ್ ಮ್ಯೂಸಿಕ್ ಅಥವಾ ಸ್ಪಾಟಿಫೈನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಟೈಟಲ್ ಹಾಡೊಂದೇ (ಆಲ್ಬಮ್ಮಿನ ಮುಖ್ಯ ಹಾಡು) ಸಾಕಾ, ಇಡೀ ಆಲ್ಬಮ್ ಬೇಕಾ ನೋಡಿ. ರಸೀದಿಯಲ್ಲಿ ನಿಮ್ಮ ಹೆಸರು ಅಥವಾ ಐಡಿ, ಹಾಡಿನ ಹೆಸರು, ಕೊಂಡ ತಾರೀಖು ಮೂರೂ ಕಾಣಬೇಕು. ಯಾರೋ ಗಿಫ್ಟ್ ಮಾಡಿದ ಡೌನ್‌ಲೋಡ್ ಆಗಲ್ಲ. ಕೆಲವರು ಇದನ್ನ ಪ್ರಿಂಟ್ ತೆಗೆದು ತರಲು ಹೇಳ್ತಾರೆ, ಹಾಡು ಬಿಡುಗಡೆಯಾಗೋದೇ ನೀವು ಅಲ್ಲಿಗೆ ಹೋದ ಮೇಲೆ ಆದ್ದರಿಂದ ಹೋಟೆಲ್ ರಿಸೆಪ್ಶನ್‌ನಲ್ಲಿ ಪ್ರಿಂಟರ್ ಇದೆಯಾ ಕೇಳಿಟ್ಟುಕೊಳ್ಳಿ.

ಲೈಟ್‌ಸ್ಟಿಕ್ ಅಧಿಕೃತವೇ ಆಗಿರಬೇಕು. ಎಸ್‌ಪಿ ರೋಡ್, ಆನ್‌ಲೈನ್‌ನಲ್ಲಿ ಸಿಗೋ ನಕಲು ಬಾಗಿಲಲ್ಲೇ ಗೊತ್ತಾಗುತ್ತೆ. ಹಳೇ ವರ್ಷನ್ ಇದ್ದರೆ ಅದು ನಡೆಯುತ್ತಾ ಅಂತ ನೋಟಿಸ್ ಓದಿ. ಸೆಲ್ ತೆಗೆದು ಬೇರೆ ಇಟ್ಟುಕೊಂಡು ಹೋಗಿ, ಬ್ಯಾಗಿನಲ್ಲಿ ತಾನಾಗಿ ಹತ್ತಿಕೊಂಡು ಖಾಲಿಯಾಗುತ್ತೆ. ಹೊಸ ಸೆಲ್ ಒಂದು ಜೊತೆ ಜೇಬಿನಲ್ಲಿರಲಿ.

ಹಳದಿ_ಹೂವು:

ತುಂಬಾ ಥ್ಯಾಂಕ್ಸ್. ಒಂದು ಸಮಸ್ಯೆ ಈಗಲೇ ಕಾಣ್ತಿದೆ. ನನ್ನ ವಿವರ್ಸ್ ಮೆಂಬರ್‌ಶಿಪ್‌ನಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಸರ್‌ನೇಮ್ ಆಗಿದೆ. ಜೊತೆಗೆ ಬರೋಳ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ.

ರಸೀದಿ_ರಂಗ:

ಕರ್ನಾಟಕ, ತಮಿಳುನಾಡಿನವರ ಕಾಯಂ ತಲೆನೋವು ಇದು. ಬಾಗಿಲಲ್ಲಿರೋ ಸಿಬ್ಬಂದಿಗೆ ನಮ್ಮ ಇನಿಶಿಯಲ್ ಪದ್ಧತಿ ಗೊತ್ತಿರಲ್ಲ. ಅವರು ಪಟ್ಟಿಯ ಅಕ್ಷರಗಳನ್ನ ಪಾಸ್‌ಪೋರ್ಟ್‌ನ ಅಕ್ಷರಗಳ ಜೊತೆ ಹೋಲಿಸ್ತಾರೆ, ಅಷ್ಟೇ. ಇನಿಶಿಯಲ್ ಇರೋ ಮೆಂಬರ್‌ಶಿಪ್ ಸರಿಪಡಿಸಲು ಈಗಲೇ ವಿವರ್ಸ್ ಗ್ರಾಹಕ ಸೇವೆಗೆ ಬರೆಯಿರಿ. ಕಮ್‌ಬ್ಯಾಕ್ ವಾರದಲ್ಲಿ ಬರೆದರೆ ಉತ್ತರ ಬರೋ ಮೊದಲೇ ರೆಕಾರ್ಡಿಂಗ್ ಮುಗಿದಿರುತ್ತೆ. ಸರ್‌ನೇಮ್ ಖಾಲಿ ಇರೋರು ಫಾರ್ಮ್ ಎರಡೂ ಖಾನೆ ಕೇಳಿದರೆ, ಇರೋ ಹೆಸರನ್ನೇ ಎರಡು ಭಾಗ ಮಾಡಿ ತುಂಬಲಿ. ಒಟ್ಟಿಗೆ ಓದಿದಾಗ ಪಾಸ್‌ಪೋರ್ಟ್‌ನಲ್ಲಿರೋ ಹಾಗೇ ಬರಬೇಕು, ಪಾಸ್‌ಪೋರ್ಟ್‌ನಲ್ಲಿಲ್ಲದ ಹೆಸರು ಹೊಸದಾಗಿ ಸೇರಿಸಬಾರದು.

ಫೋನ್ ನಂಬರ್ ಬಗ್ಗೆ ಕೇಳಿದ್ದಿರಿ. ಅರ್ಜಿಯಲ್ಲಿ ಹುಟ್ಟಿದ ದಿನ ಮತ್ತು ಫೋನಿನ ಕೊನೇ ನಾಲ್ಕು ಅಂಕಿ ಕೇಳೋದು ಮಾಮೂಲು. ಆಯ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಅರ್ಧ ಚುಕ್ಕಿಯಾಗಿ, ಆ ನಾಲ್ಕು ಅಂಕಿಯ ಜೊತೆ ಬರುತ್ತೆ. ಮೆಂಬರ್‌ಶಿಪ್‌ನಲ್ಲಿ ಕೊಟ್ಟ ಭಾರತದ ನಂಬರನ್ನೇ ಹಾಕಿ. ಅಲ್ಲಿ ಕೊಂಡ ಸಿಮ್ಮಿನ ನಂಬರ್ ಹಾಕಿದರೆ ಎರಡೂ ತಾಳೆಯಾಗಲ್ಲ. ಅರ್ಜಿ ಕೊರಿಯಾದ ವೆಬ್‌ಸೈಟ್ ನೇವರ್‌ನ ಫಾರ್ಮ್‌ನಲ್ಲಿ ಬಂದರೆ ಲಾಗಿನ್ ಕೇಳಬಹುದು, ನೇವರ್ ಖಾತೆ ಭಾರತದ ನಂಬರಿನಲ್ಲೇ ಆಗುತ್ತೆ, ಇಲ್ಲಿಂದಲೇ ಮಾಡಿಟ್ಟುಕೊಳ್ಳಿ.

ಒಂಬತ್ತನೇ_ಲೈನ್ ಉತ್ತರ:

ಓಡಾಟದ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದ್ದೀನಿ.

ವಿಳಾಸದಲ್ಲಿ ಮೋಸ ಹೋಗಬೇಡಿ. ಮ್ಯೂಸಿಕ್ ಕೋರ್ ನಡೆಯೋದು ಸಾಂಗಮ್‌ನ ಎಂಬಿಸಿ ಚಾನೆಲ್ಲಿನ ಮುಖ್ಯ ಕಟ್ಟಡದಲ್ಲಲ್ಲ, ಸಿಯೋಲ್‌ನಿಂದಾಚೆ ಗೊಯಾಂಗ್ ನಗರದ ಇಲ್ಸಾನ್‌ನಲ್ಲಿರೋ ಎಂಬಿಸಿ ಡ್ರೀಮ್ ಸೆಂಟರ್‌ನಲ್ಲಿ. ಶೋ ಚಾಂಪಿಯನ್ ಅನ್ನೋ ಇನ್ನೊಂದು ಮ್ಯೂಸಿಕ್ ಶೋ ಕೂಡ ಅಲ್ಲೇ. ಇಂಕಿಗಾಯೊ ಮೊಕ್‌ಡಾಂಗ್‌ನ ಎಸ್‌ಬಿಎಸ್ ಕೇಂದ್ರ ಕಚೇರಿಯಲ್ಲಲ್ಲ, ಗಾಂಗ್ಸೊ ಜಿಲ್ಲೆಯ ದಂಗ್‌ಚೊನ್‌ಡಾಂಗ್‌ನ ಎಸ್‌ಬಿಎಸ್ ಓಪನ್ ಹಾಲ್‌ನಲ್ಲಿ. ಟ್ಯಾಕ್ಸಿಯವರಿಗೆ ಬರೀ ‘ಎಂಬಿಸಿ’, ‘ಎಸ್‌ಬಿಎಸ್’ ಅಂದರೆ ಕೇಂದ್ರ ಕಚೇರಿಗೇ ಬಿಡ್ತಾರೆ. ವಿಳಾಸ ಕೊರಿಯನ್ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಮ್ಯೂಸಿಕ್ ಬ್ಯಾಂಕ್ ಮಾತ್ರ ಯೊಯಿಡೊದ ಕೆಬಿಎಸ್‌ನಲ್ಲೇ, ಎಂ ಕೌಂಟ್‌ಡೌನ್ ಸಾಂಗಮ್‌ನ ಸಿಜೆ ಇಎನ್‌ಎಂ ಸೆಂಟರ್‌ನಲ್ಲಿ. ಕೆಲವು ಸ್ಟೇಜ್‌ಗಳನ್ನ ಹೊರಗಡೆ ಸ್ಟುಡಿಯೊದಲ್ಲೂ ತೆಗೀತಾರೆ, ನೋಟಿಸ್‌ನ ಜಾಗದ ಸಾಲು ಎರಡು ಸಲ ಓದಿ.

ಉಳಿದುಕೊಳ್ಳೋಕೆ ಮಿಯೊಂಗ್‌ಡಾಂಗ್‌ಗಿಂತ ಹೊಂಗ್‌ಡೆ ಅಥವಾ ಡಾಂಗ್ಸಾನ್ ಒಳ್ಳೇದು. ಹೊಂಗ್‌ಡೆಯಿಂದ ವಿಮಾನ ನಿಲ್ದಾಣದ ರೈಲಿನಲ್ಲಿ ಸಾಂಗಮ್‌ನ ಡಿಜಿಟಲ್ ಮೀಡಿಯಾ ಸಿಟಿ ಸ್ಟೇಷನ್ ಒಂದೇ ನಿಲ್ದಾಣ. ಡಾಂಗ್ಸಾನ್ ಒಂಬತ್ತನೇ ಲೈನ್ ಮೇಲಿದೆ. ಕೆಬಿಎಸ್‌ಗೆ ಇಳಿಯೋ ನ್ಯಾಷನಲ್ ಅಸೆಂಬ್ಲಿ ಸ್ಟೇಷನ್ನೂ, ಇಂಕಿಗಾಯೊಗೆ ಹತ್ತಿರದ ಗಾಯಾಂಗ್, ಜಂಗ್ಮಿ ಸ್ಟೇಷನ್‌ಗಳೂ ಅದೇ ಲೈನಿನಲ್ಲಿವೆ. ಒಂಬತ್ತನೇ ಲೈನಿನಲ್ಲಿ ಎಕ್ಸ್‌ಪ್ರೆಸ್ ಮತ್ತು ಲೋಕಲ್ ಎರಡು ಥರ ರೈಲು ಓಡುತ್ತೆ. ಎಕ್ಸ್‌ಪ್ರೆಸ್ ಗಾಯಾಂಗ್‌ನಲ್ಲಿ ನಿಲ್ಲುತ್ತೆ, ನ್ಯಾಷನಲ್ ಅಸೆಂಬ್ಲಿಯಲ್ಲೂ ಜಂಗ್ಮಿಯಲ್ಲೂ ನಿಲ್ಲಲ್ಲ.

ಆದರೆ ನಸುಕಿಗೆ ರೈಲೇ ಇರಲ್ಲ. ಮೊದಲ ಗಾಡಿ ಸುಮಾರು ಐದೂವರೆಗೆ. ಮೂರು ಗಂಟೆಗೆ ಸೇರಬೇಕಾದರೆ ಟ್ಯಾಕ್ಸಿ, ಅಥವಾ ಎನ್ ಅಕ್ಷರದಿಂದ ಶುರುವಾಗೋ ರಾತ್ರಿ ಬಸ್. ಸಿಯೋಲ್ ಟ್ಯಾಕ್ಸಿಗೆ ಹಗಲಿನ ಮೂಲ ದರ 4,800 ವಾನ್. ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಶೇ. 20 ಹೆಚ್ಚು, ಅದರಲ್ಲೂ ಹನ್ನೊಂದರಿಂದ ಎರಡರವರೆಗೆ ಶೇ. 40 ಹೆಚ್ಚು. ಇಲ್ಸಾನ್‌ಗೆ ಹೋದರೆ ಊರು ದಾಟಿದ್ದಕ್ಕೆ ಇನ್ನೂ ಶೇ. 20. ಉಬರ್ ಆ್ಯಪ್ ಅಲ್ಲೂ ನಡೆಯುತ್ತೆ, ಅಲ್ಲಿನ ಕಕಾವೊ ಕಂಪನಿಯವರು ವಿದೇಶಿಗರಿಗೆ ಅಂತ ಮಾಡಿರೋ ಟ್ಯಾಕ್ಸಿ ಆ್ಯಪ್ ಕೆ-ರೈಡ್ ಕೂಡ ಇದೆ. ಮ್ಯೂಸಿಕ್ ಕೋರ್ ಸಿಕ್ಕರೆ ಹಿಂದಿನ ರಾತ್ರಿ ಇಲ್ಸಾನ್‌ನಲ್ಲೇ ಉಳಿದುಬಿಡಿ, ಮೂರನೇ ಲೈನಿನ ಜೊಂಗ್‌ಬಾಲ್ಸಾನ್ ಸ್ಟೇಷನ್ ಸುತ್ತ. ಟ್ಯಾಕ್ಸಿ ದುಡ್ಡಿಗೂ ಅಲ್ಲಿನ ಸಾದಾ ಕೋಣೆಗೂ ಹೆಚ್ಚು ಅಂತರ ಇರಲ್ಲ.

ಗೂಗಲ್ ಮ್ಯಾಪ್ಸ್ ನಂಬಿಕೊಂಡು ನಡೆಯಬೇಡಿ. ನೇವರ್ ಮ್ಯಾಪ್ ಇಂಗ್ಲಿಷ್‌ನಲ್ಲೂ ಇದೆ, ಅದನ್ನೇ ಹಾಕಿಕೊಳ್ಳಿ.

ಇನ್ನೊಂದು: ಸೂಟ್‌ಕೇಸನ್ನ ಮೆಟ್ರೊ ಸ್ಟೇಷನ್ ಲಾಕರ್‌ನಲ್ಲಿಟ್ಟು ಹೋಗೋಣ ಅನ್ಕೊಂಡರೆ, ಸ್ಟೇಷನ್ ಮುಚ್ಚಿದ ಮೇಲೆ ಬೆಳಗಿನವರೆಗೆ ತೆಗೆಯೋಕಾಗಲ್ಲ. ಹಾಲ್ ಒಳಗೆ ಸೂಟ್‌ಕೇಸ್ ಬಿಡಲ್ಲ. ವಾಪಸ್ ವಿಮಾನದ ದಿನವೇ ಸನೋಕ್‌ಗೆ ಹೋಗೋ ಸಾಹಸ ಬೇಡ.

ಕೂಗು_ಕಂಠ ಉತ್ತರ:

ಹಾಲ್ ಹತ್ತಿರ ಏನಾಗುತ್ತೆ ಅನ್ನೋದು ನಾನು ಹೇಳ್ತೀನಿ.

ಆಯ್ಕೆ ಪಟ್ಟಿ ಹಿಂದಿನ ರಾತ್ರಿ ಬರುತ್ತೆ, ನಿಮ್ಮ ಹೆಸರಿಗೆ ಒಂದು ನಂಬರ್ ಇರುತ್ತೆ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಆ ನಂಬರಿನ ಪ್ರಕಾರ ನಿಲ್ಲಬೇಕು. ಫ್ಯಾನ್ ಮ್ಯಾನೇಜರ್ ನಂಬರ್ ಕೂಗೋದು ಕೊರಿಯನ್‌ನಲ್ಲಿ. ಹಾಗಾಗಿ ನಿಮ್ಮ ನಂಬರ್ ಕೊರಿಯನ್‌ನಲ್ಲಿ ಹೇಗೆ ಕೇಳಿಸುತ್ತೆ ಅನ್ನೋದು ರಾತ್ರಿಯೇ ಕಲಿತಿಟ್ಟುಕೊಳ್ಳಿ. ಕೂಗಿದಾಗ ಇಲ್ಲದಿದ್ದರೆ ಸಾಲಿನ ಕೊನೆಗೆ ಹೋಗ್ತೀರಿ, ಇಲ್ಲಾ ರದ್ದು. ವೇಟಿಂಗ್ ಲಿಸ್ಟ್‌ನವರು ಅಲ್ಲೇ ಪಕ್ಕದಲ್ಲಿ ಕಾಯ್ತಿರ್ತಾರೆ, ಯಾರಾದರೂ ಬರದಿದ್ದರೆ ಒಳಗೆ ಬಿಡ್ತಾರೆ. ನಿಮ್ಮ ಹೆಸರು ವೇಟಿಂಗ್‌ನಲ್ಲಿದ್ದರೆ, ಅದರಲ್ಲೂ ಸಮಯ ಅಪರಾತ್ರಿಯದಾಗಿದ್ದರೆ, ಹೋಗಿ ನಿಲ್ಲಿ. ಮೂರು ಗಂಟೆಗೆ ಏಳೋಕಾಗದೆ ಬಿಡೋರು ಪ್ರತಿ ಸಲ ಇರ್ತಾರೆ.

ಕಾಗದಪತ್ರ ನೋಡಿ ಕೈಗೆ ಪಟ್ಟಿ ಕಟ್ತಾರೆ ಅಥವಾ ಸ್ಟಿಕ್ಕರ್ ಕೊಡ್ತಾರೆ. ಆಮೇಲೆ ಒಂದಿಷ್ಟು ಹೊತ್ತು ಬಿಟ್ಟುಬಿಡ್ತಾರೆ, ಅರ್ಧ ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು. ಮತ್ತೆ ಸೇರೋ ಸಮಯ ಹೇಳಿರ್ತಾರೆ, ಅರ್ಥವಾಗದಿದ್ದರೆ ಪಕ್ಕದವರ ಫೋನಿನಲ್ಲಿ ಬರೆಸಿಕೊಳ್ಳಿ. ಟಾಯ್ಲೆಟ್‌ಗೆ ಹೋಗೋದು ಈಗಲೇ. ಒಳಗೆ ಹೋದ ಮೇಲೆ ಹೊರಗೆ ಬಂದರೆ ಮತ್ತೆ ಬಿಡಲ್ಲ.

ಕಾಯೋದು ಬಯಲಲ್ಲಿ. ಜನವರಿಯಲ್ಲಿ ಮೈನಸ್ ಹತ್ತಕ್ಕೆ ಇಳಿಯೋ ಊರು ಅದು. ಕನ್ವೀನಿಯನ್ಸ್ ಸ್ಟೋರ್‌ನಲ್ಲಿ ಸಿಗೋ ಬಿಸಿ ಪ್ಯಾಕೆಟ್ ಎರಡು ಜೇಬಿಗೆ, ಎರಡು ಶೂಗೆ. ಜೂನ್ ಕೊನೆಯಿಂದ ಜುಲೈ ಮಳೆಗಾಲ. ಸಾಲಿನಲ್ಲಿ ಕೊಡೆಗಿಂತ ರೇನ್‌ಕೋಟ್ ವಾಸಿ, ಒಳಗೆ ಹೋಗುವಾಗ ಮಡಿಚಿ ಕವರ್‌ಗೆ ತುಂಬಿದರಾಯಿತು.

ಒಳಗೆ ಕ್ಯಾಮೆರಾ, ಫೋನ್ ಎತ್ತಿದರೆ ಕಥೆ ಮುಗೀತು. ನಿಮ್ಮನ್ನ ಹೊರಗೆ ಹಾಕೋದಷ್ಟೇ ಅಲ್ಲ, ಮೆಂಬರ್‌ಶಿಪ್ ನಂಬರ್ ಬರೆದುಕೊಂಡು ಮುಂದಿನ ಕಾರ್ಯಕ್ರಮಗಳಿಂದಲೂ ತೆಗೀತಾರೆ. ಪ್ರಸಾರಕ್ಕೆ ಮೊದಲು ಬಟ್ಟೆ, ಸೆಟ್ ಬಗ್ಗೆ ಆನ್‌ಲೈನ್‌ನಲ್ಲಿ ಬರೆಯೋದೂ ನಿಷೇಧ.

ನಿಂತೇ ಇರಬೇಕು. ಬ್ಯಾಗು ಕಾಲ ಸಂದಿಯಲ್ಲಿ, ಹಾಗಾಗಿ ಚಿಕ್ಕದು ತನ್ನಿ. ದೊಡ್ಡ ಹೀಲ್ಸ್, ಸ್ಟೂಲ್ ಬಿಡಲ್ಲ. ಲೈಟ್‌ಸ್ಟಿಕ್ ಗಲ್ಲದ ಎತ್ತರಕ್ಕಿಂತ ಮೇಲೆ ಹೋಗಬಾರದು. ತಲೆ ಮೇಲಿಂದ ಜಿಮ್ಮಿ ಜಿಬ್ ಅನ್ನೋ ಉದ್ದ ಕ್ರೇನಿನ ಕ್ಯಾಮೆರಾ ಹಾದುಹೋಗುತ್ತೆ, ಹಿಂದಿನವರಿಗೂ ಕಾಣಬೇಕು. ಫ್ಲೋರ್ ಡೈರೆಕ್ಟರ್ ಆರಿಸಿ ಅಂದರೆ ಆರಿಸಬೇಕು. ಕೆಲವು ಸೆಟ್‌ಗಳಲ್ಲಿ ಬೆಳಕು ಕಡಿಮೆ ಬೇಕಿರುತ್ತೆ.

ಕೂಗೋ ವಿಷಯಕ್ಕೇ ನಿಮ್ಮನ್ನ ಒಳಗೆ ಬಿಡೋದು ಅನ್ನೋದು ಮರೀಬೇಡಿ. ಫ್ಯಾನ್‌ಗಳ ದನಿ ಪ್ರಸಾರದಲ್ಲಿ ಸೇರುತ್ತೆ. ಎಲ್ಲಿ ಸದಸ್ಯರ ಹೆಸರು, ಎಲ್ಲಿ ಸಾಲಿನ ಕೊನೇ ಪದ, ಎಲ್ಲಿ ಸುಮ್ಮನಿರಬೇಕು ಅನ್ನೋ ಫ್ಯಾನ್‌ಚಾಂಟ್ ಪಟ್ಟಿಯನ್ನ ಹಾಡು ಬಂದ ಹೊತ್ತಿಗೆ ಕಂಪನಿಯೇ ಹಾಕುತ್ತೆ. ಕೊರಿಯನ್ ಓದೋಕೆ ಬರದಿದ್ದರೆ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲೀರಿ, ಇಂಗ್ಲಿಷ್ ಅಕ್ಷರಕ್ಕಿಂತ ಉಚ್ಚಾರ ಹತ್ತಿರ ಬರುತ್ತೆ. ಇಡೀ ಹಾಡು ಜೊತೆಗೆ ಹಾಡೋದು ಕಾನ್ಸರ್ಟ್‌ಗೆ ಸರಿ, ಇಲ್ಲಿ ಅಲ್ಲ.

ಎರಡರಿಂದ ನಾಲ್ಕು ಟೇಕ್ ಆಗುತ್ತೆ. ನಡುವೆ ಸದಸ್ಯರು ಮಾನಿಟರ್ ನೋಡೋಕೆ ಹೋಗ್ತಾರೆ, ಮೇಕಪ್ ಸರಿಮಾಡ್ತಾರೆ, ಆಗ ಫ್ಯಾನ್‌ಗಳ ಜೊತೆ ಒಂದೆರಡು ಮಾತಾಡೋದೂ ಉಂಟು. ನಿಜ ಹೇಳಬೇಕಂದ್ರೆ ಜನ ಬರೋದೇ ಆ ಎರಡು ನಿಮಿಷಕ್ಕೆ. ಸ್ಟೇಜ್ ಭಾಗ ಒಂದು ಗಂಟೆಯೊಳಗೆ ಮುಗಿಯುತ್ತೆ. ಬರೋದು, ಕಾಯೋದು ಎಲ್ಲ ಸೇರಿ ಐದಾರು ಗಂಟೆ ಇಟ್ಟುಕೊಳ್ಳಿ. ಸಂಗೀತವನ್ನ ಚೆನ್ನಾಗಿ ಕೇಳಬೇಕು ಅನ್ನೋದು ಮುಖ್ಯವಾದರೆ ಕಾನ್ಸರ್ಟ್‌ಗೇ ದುಡ್ಡು ಹಾಕಿ. ಇಲ್ಲಿ ಕೇಳೋದು ಒಂದೇ ಹಾಡು, ಮತ್ತೆ ಮತ್ತೆ.

ಧಾರವಾಡ_ಪೇಡೆ ಉತ್ತರ:

ಊಟದ್ದು ನಾ ಹೇಳ್ತೇನ್ರಿ. ನಸುಕಿನ್ಯಾಗ ತೆರೆದಿರೋದು ಸಿಯು, ಜಿಎಸ್25 ಇಂಥ ಅಂಗಡಿ ಅಷ್ಟ. ಅಲ್ಲಿ ಮೂರು ಮೂಲಿ ಕಿಂಬಾಪ್ ನೋಡಾಕ ಅನ್ನದ ಉಂಡಿ ಹಂಗ ಇರ್ತದ, ಒಳಗ ಮಾತ್ರ ಟ್ಯೂನಾ ಮೀನು ಇಲ್ಲಾ ಹ್ಯಾಮ್. ಕಪ್ ನೂಡಲ್ಸ್ ಮಸಾಲಿಯೊಳಗೂ ದನದ ಮಾಂಸದ ಪುಡಿ ಇರ್ತದ, ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಕಿಮ್ಚಿಯೊಳಗೂ ಮೀನಿನ ಸಾಸ್ ಹಾಕಿರ್ತಾರ. ಬಾಳೆಹಣ್ಣು, ಬಾಳೆಹಣ್ಣಿನ ಹಾಲು, ಸುಟ್ಟ ಗೆಣಸು ಸಿಗ್ತಾವ, ಅವು ನಡೀತಾವ. ಮನಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗ್ರಿ, ಕೆಡಂಗಿಲ್ಲ, ಬಿಸಿ ಮಾಡೋದೂ ಬ್ಯಾಡ. ಹಣ್ಣು, ಬಿತ್ತಬಹುದಾದ ಬೀಜ, ಮಾಂಸದ ಪದಾರ್ಥ ಮಾತ್ರ ಒಯ್ಯಬ್ಯಾಡ್ರಿ, ವಿಮಾನ ನಿಲ್ದಾಣದಾಗ ತಗೊಂಡು ದಂಡ ಹಾಕ್ತಾರ. ಹಾಲ್ ಒಳಗ ಏನೂ ತಿನ್ನಾಕ ಬಿಡಂಗಿಲ್ಲ, ಸಾಲಿನ್ಯಾಗ ನಿಂತಾಗ ತಿಂದು ಮುಗಸ್ರಿ. ನೀರು ಸ್ವಲ್ಪ ಹಿಡತದಾಗ ಕುಡೀರಿ, ಯಾಕಂತ ಮ್ಯಾಲಿನವರು ಹೇಳ್ಯಾರ.

ಶುಕ್ರವಾರದ_ಬ್ಯಾಂಕ್:

ವೀಸಾ ಬಗ್ಗೆ ಸಂದೇಶದಲ್ಲಿ ಕೇಳಿದ್ದಿರಿ, ಎಲ್ಲರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಬರೀತೀನಿ. ಯೂಟ್ಯೂಬ್‌ನಲ್ಲಿ ಹೇಳೋ ಕೆ-ಇಟಿಎ (ವೀಸಾ ಬೇಡದ ದೇಶದವರಿಗೆ ಇರೋ ಆನ್‌ಲೈನ್ ಪ್ರವೇಶ ಅನುಮತಿ) ಭಾರತೀಯ ಪಾಸ್‌ಪೋರ್ಟ್‌ಗೆ ಅನ್ವಯಿಸಲ್ಲ, ನಮಗೆ ಪ್ರವಾಸಿ ವೀಸಾ ಬೇಕೇ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿಆರ್, ಕೆಲಸದ ಕಡೆಯ ರಜೆ ಪತ್ರ, ದಿನದಿನದ ಪ್ರವಾಸ ಪಟ್ಟಿ ಕೊಡಬೇಕು. ಪಟ್ಟಿಯಲ್ಲಿ ಟಿವಿ ರೆಕಾರ್ಡಿಂಗ್ ಅಂತ ಬರೀಬೇಡಿ. ಖಚಿತವಲ್ಲದ ಕಾರ್ಯಕ್ರಮಕ್ಕೆ ಯಾವ ದಾಖಲೆಯೂ ಇರಲ್ಲ, ಅರಮನೆ, ಸಾಂಗಮ್, ಯೊಯಿಡೊ ಅಂತ ನೋಡೋ ಜಾಗಗಳನ್ನ ಹಾಕಿದರೆ ಸಾಕು. ಕಮ್‌ಬ್ಯಾಕ್ ತಾರೀಖು ಗೊತ್ತಾಗೋದು ಸುಮಾರು ಒಂದು ತಿಂಗಳ ಮುಂಚೆ, ಅವತ್ತೇ ಅರ್ಜಿ ಕೊಡೋ ಹಾಗೆ ಕಾಗದಗಳೆಲ್ಲ ತಯಾರಿರಲಿ. ಇಳಿಯೋ ಮುಂಚಿನ ಮೂರು ದಿನದೊಳಗೆ ಇ-ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ, ದುಡ್ಡು ಕೇಳೋ ವೆಬ್‌ಸೈಟ್‌ಗಳು ನಕಲಿ.

ಸನೋಕ್ ಸಿಗದಿದ್ದರೆ ಏನು ಅಂತಲೂ ಕೇಳಿದ್ದಿರಿ. ಮೊದಲು, ಟ್ವಿಟರ್‌ನಲ್ಲಿ ‘ಸೀಟು ಇದೆ, ನನ್ನ ಹೆಸರಲ್ಲಿ ಹೋಗಿ’ ಅಂತ ಮಾರೋರಿಗೆ ಒಂದು ವಾನ್ ಕೂಡ ಕೊಡಬೇಡಿ. ಮೆಂಬರ್‌ಶಿಪ್ ಕಾರ್ಡು, ಪಾಸ್‌ಪೋರ್ಟು, ಪಟ್ಟಿ ಮೂರರಲ್ಲೂ ಒಂದೇ ಹೆಸರು ಇರಬೇಕಾದ ಕಡೆ ಬೇರೆಯವರ ಹೆಸರಲ್ಲಿ ಹೋಗೋಕಾಗಲ್ಲ. ಪ್ರವಾಸ ಆ್ಯಪ್‌ಗಳಲ್ಲಿ ವಿದೇಶಿಗರಿಗೆ ಅಂತ ಮಾರೋ ಮ್ಯೂಸಿಕ್ ಶೋ ಪ್ಯಾಕೇಜ್ ಬೇರೆ ವಿಷಯ, ಅದು ಬೊನ್‌ಬಾಂಗ್‌ಗೆ. ಕೊಳ್ಳೋ ಹೊತ್ತಿಗೆ ಆ ವಾರದ ಗ್ರೂಪುಗಳ ಪಟ್ಟಿ ಬಂದಿರಲ್ಲ, ನಿಮ್ಮವರು ಬರ್ತಾರೆ ಅನ್ನೋ ಖಾತ್ರಿಯೂ ಇಲ್ಲ. ನಾನಂತೂ ಶಿಫಾರಸು ಮಾಡಲ್ಲ. ಶುಕ್ರವಾರ ಬೆಳಿಗ್ಗೆ ಕೆಬಿಎಸ್ ಮುಂದೆ ಗ್ರೂಪುಗಳು ಮ್ಯೂಸಿಕ್ ಬ್ಯಾಂಕ್‌ಗೆ ಬರುವಾಗ ಪತ್ರಿಕೆ ಕ್ಯಾಮೆರಾಗಳ ಎದುರು ನಿಂತು ಕೈಬೀಸಿ ಒಳಗೆ ಹೋಗೋದುಂಟು. ನ್ಯಾಷನಲ್ ಅಸೆಂಬ್ಲಿ ಸ್ಟೇಷನ್ನಿನ ನಾಲ್ಕನೇ ದ್ವಾರದಿಂದ ಹತ್ತಿರ. ನೋಡೋಕೆ ಅರ್ಜಿ ಬೇಡ, ಬೇಲಿಯಾಚೆ ನಿಲ್ಲಬೇಕು. ಎಲ್ಲ ಗ್ರೂಪುಗಳೂ ನಿಲ್ಲಲ್ಲ, ಸನೋಕ್ ಅಪರಾತ್ರಿ ಇದ್ದವರು ಕತ್ತಲಲ್ಲೇ ಒಳಗೆ ಹೋಗಿರ್ತಾರೆ.

ಹಳದಿ_ಹೂವು:

ಮೆಂಬರ್‌ಶಿಪ್ ಹೆಸರು ತಿದ್ದೋಕೆ ಈಗಲೇ ಬರೆದು ಕಳಿಸಿದೆ. ಇನ್ನೊಂದೇ ಪ್ರಶ್ನೆ: ನಾವಿಬ್ಬರೂ ಒಟ್ಟಿಗೆ ಅರ್ಜಿ ಹಾಕಬಹುದಾ? ಒಬ್ಬಳಿಗೆ ಮಾತ್ರ ಸಿಕ್ಕರೆ?

ಕೂಗು_ಕಂಠ:

ಜೋಡಿ ಅರ್ಜಿ ಇಲ್ಲ. ಒಬ್ಬೊಬ್ಬರಿಗೂ ಬೇರೆ ಅರ್ಜಿ, ಬೇರೆ ನಂಬರ್, ಒಳಗೆ ನಿಲ್ಲೋದೂ ಆ ನಂಬರಿನ ಪ್ರಕಾರ. ಇಬ್ಬರಿಗೂ ಸಿಕ್ಕರೂ ಪಕ್ಕಪಕ್ಕ ಇರ್ತೀರಿ ಅಂತಿಲ್ಲ. ಹಾಗಾಗಿ ಪಾಸ್‌ಪೋರ್ಟ್, ಆಲ್ಬಮ್, ರಸೀದಿ, ಲೈಟ್‌ಸ್ಟಿಕ್ ಅವರವರ ಬ್ಯಾಗಿನಲ್ಲೇ ಇರಲಿ, ಒಂದೇ ಬ್ಯಾಗಿಗೆ ಹಾಕಬೇಡಿ. ಒಬ್ಬರಿಗೆ ಮಾತ್ರ ಸಿಕ್ಕರೆ ಇನ್ನೊಬ್ಬರು ವೇಟಿಂಗ್ ಲಿಸ್ಟ್‌ನಲ್ಲಿದ್ದಾರಾ ನೋಡಿ. ಅದರಲ್ಲೂ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಅಲ್ಲಿಗೆ ಬರೋ ಅಗತ್ಯ ಇಲ್ಲ, ಮಲಗಿಕೊಳ್ಳಲಿ. ಹೋಟೆಲ್ ಕೀ ಎರಡು ಇಸ್ಕೊಳ್ಳಿ.